ಎರಡು ಗಂಟಿನ ದಾರ

ದಾರ ಜೇಬಿನಲ್ಲಿ ಇದೆಯೋ ಇಲ್ಲವೋ ಎಂದು ಹಲಸೂರು ಕೆರೆಯ ಏರಿ ದಾಟುವಷ್ಟರಲ್ಲಿ ಮುನಿಆಂಜನಪ್ಪ ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡ. ಇತ್ತು. ಎಲ್ಲಾದರೂ ಬಿದ್ದುಹೋಗಿದ್ದರೆ ಚೆನ್ನಾಗಿತ್ತು ಎಂದು ಒಂದು ಮನಸ್ಸು, ಬಿದ್ದುಹೋದರೆ ಅಣ್ಣನಿಗೆ ಏನು ಹೇಳುವುದು ಎಂದು ಇನ್ನೊಂದು ಮನಸ್ಸು. ಬೆಳಿಗ್ಗೆ ಸೊಸೆ ಆದಿಲಕ್ಷ್ಮಿ ಸ್ಟೂಲಿನ ಮೇಲೆ ನಿಂತು ಅಳೆದು ಕೊಟ್ಟ ದಾರ ಅದು. ಗೋಡೆಯ ಮೇಲಿನ ಅಪ್ಪನ ಪಟ ಎಷ್ಟು ಅಗಲವಿದೆಯೋ ಅಲ್ಲಿಗೆ ಒಂದು ಗಂಟು, ಎಷ್ಟು ಉದ್ದವಿದೆಯೋ ಅಲ್ಲಿಗೆ ಇನ್ನೊಂದು. ಇಂಚಿನ ಪಟ್ಟಿ ಎಂಬುದು ತಿಪ್ಪಸಂದ್ರದ ಅವರ ಮನೆಯಲ್ಲಿ ಯಾವ ಕಾಲಕ್ಕೂ ಇರಲಿಲ್ಲ. ಬಾಗಿಲಾಗಲಿ ಮಂಚವಾಗಲಿ ತೊಟ್ಟಿಲಾಗಲಿ, ದಾರದಲ್ಲಿ ಅಳೆದು ಗಂಟು ಹಾಕಿ ಆಚಾರಿಯ ಕೈಗೆ ಕೊಟ್ಟರೆ ಕೆಲಸ ಮುಗಿಯಿತು. ಬೆಳಿಗ್ಗೆ ದಾರದ ಕೆಳಗಿನ ಕೊನೆಯನ್ನು ಹಿಡಿದುಕೊಂಡಿದ್ದವನು ಮುನಿಆಂಜನಪ್ಪನೇ. ಅವಳು ಗಂಟು ಹಾಕುವಾಗ ಹಲ್ಲಿನಿಂದ ಕಚ್ಚಿ ಬಿಗಿದದ್ದನ್ನು ನೋಡಿ, ಎಂಥ ಗಟ್ಟಿ ಹೆಂಗಸು, ತನ್ನ ಕುಂಕುಮವನ್ನು ತಾನೇ ಅಳೆದು ಕೊಡುತ್ತಿದ್ದಾಳಲ್ಲ ಎಂದು ಅವನು ಅಂದುಕೊಂಡಿದ್ದ. ತಲೆಯೆತ್ತಿ ಅವಳ ಮುಖ ನೋಡುವ ಧೈರ್ಯ ಬರಲಿಲ್ಲ. ಇನ್ನೊಂದು ಜೇಬಿನಲ್ಲಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ ಮಗ ಬೈಲಪ್ಪನ ಫೋಟೋ ಇತ್ತು. ಅದನ್ನು ಮಾತ್ರ ಅವನು ಒಂದು ಸಲವೂ ಮುಟ್ಟಿ ನೋಡಲಿಲ್ಲ.

ಒಂದು ಪಟದ ಅಳತೆಯಲ್ಲಿ ಅಂಥದ್ದೇನಿದೆ ಎಂದು ಊರ ಹೊರಗಿನವರು ಕೇಳಬಹುದು. ನಡುಮನೆಯ ಗೋಡೆಯ ಮೇಲೆ ಎರಡು ಪಟಗಳಿದ್ದವು. ಒಂದು ಅವನ ಅಪ್ಪನದು, ಒಂದು ಅವ್ವ ಪಟಾಲಮ್ಮನದು. ಎರಡೂ ಒಂದೇ ಅಳತೆ, ಒಂದೇ ಕಪ್ಪು ಮರ. ಅಪ್ಪನೂ ಅವನ ಹಾಗೆಯೇ ಕಾಕ್ಸ್ ಟೌನಿನ ಬಂಗಲೆಯಲ್ಲಿ ಮಾಲಿಯಾಗಿದ್ದವನೇ. ಆಗಿದ್ದ ಮುದಿ ದೊರೆಗೆ ಕ್ಯಾಮರಾದ ಹುಚ್ಚು, ಗಿಡಕ್ಕೆ ತೆಗೆದಂತೆ ಮಾಲಿಗೂ ಮಾಲಿಯ ಹೆಂಡತಿಗೂ ಫೋಟೋ ತೆಗೆದುಕೊಟ್ಟಿದ್ದ. ಆ ಸಾಲಿಗೆ ಸೇರುವ ಪಟ ಅದೇ ಅಳತೆಯದ್ದಾಗಿರಬೇಕು, ಸಾಲಿಗೆ ಸೇರಿದವರು ಹಿರಿಯರು, ಮಹಾಲಯ ಅಮಾವಾಸ್ಯೆಯ ದಿನ ಅವರ ಮುಂದೆ ಎಡೆ ಇಕ್ಕಿ, ಹೆಸರು ಹಿಡಿದು ಊಟಕ್ಕೆ ಕರೆಯಬೇಕು. ಈ ಅಮಾವಾಸ್ಯೆಗೆ ಬೈಲಪ್ಪನ ಪಟವೂ ಅಲ್ಲಿ ಇರಬೇಕು ಎಂದು ಅಣ್ಣ ಮುನಿವೆಂಕಟಪ್ಪ ಹೇಳಿಬಿಟ್ಟಿದ್ದ. ಪಟ ಸಾಲಿಗೆ ಸೇರಿದರೆ ಬೈಲಪ್ಪ ಸತ್ತ. ಬೈಲಪ್ಪ ಸತ್ತರೆ ಆದಿಲಕ್ಷ್ಮಿ ಬಳೆ ಒಡೆದುಕೊಳ್ಳಬೇಕು. ಅದಕ್ಕೇ ದಾರ ಅಷ್ಟು ಭಾರವಾಗಿತ್ತು.

ಯುದ್ಧ ಮುಗಿದು ವರ್ಷದ ಮೇಲಾಗಿತ್ತು. ಸಿಂಗಪುರ ಬಿದ್ದಾಗ ಬೈಲಪ್ಪನಂತೆ ಜಪಾನಿನವರಿಗೆ ಸೆರೆಸಿಕ್ಕಿದ್ದ ಸಿಪಾಯಿಗಳಲ್ಲಿ ಬರುವವರೆಲ್ಲ ಬಂದಾಗಿತ್ತು. ಹಲಸೂರಿಗೇ ಒಬ್ಬ ಬಂದಿದ್ದ, ಎಲುಬಿನ ಹಂದರವಾಗಿ. ಮುನಿಆಂಜನಪ್ಪ ಹಣ್ಣು ತೆಗೆದುಕೊಂಡು ಅವನನ್ನು ನೋಡಲು ಹೋಗಿ, ಕೇಳಬೇಕಾದ್ದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೇಳಿ, ಕೊನೆಗೆ ಹೊಸಿಲು ದಾಟುವಾಗ ಬಾಯಿಬಿಟ್ಟಿದ್ದ. ಬೈಲಪ್ಪನನ್ನು ಬೇರೆಯವರ ಜೊತೆ ಒಂದು ಹಡಗಿಗೆ ಹತ್ತಿಸಿದ್ದನ್ನು ನೋಡಿದೆ, ಆ ಹಡಗು ಎಲ್ಲಿಗೆ ಹೋಯಿತೋ ಯಾರಿಗೂ ಗೊತ್ತಾಗಲಿಲ್ಲ ಎಂದಷ್ಟೇ ಅವನು ಹೇಳಿದ. ಸರ್ಕಾರದವರೂ ಅದನ್ನೇ ತಮ್ಮ ಭಾಷೆಯಲ್ಲಿ ಹೇಳಿದ್ದರು, ಪತ್ತೆಯಿಲ್ಲ. ಸತ್ತ ಎಂದಿದ್ದರೆ ಅತ್ತು ಮುಗಿಸಬಹುದಿತ್ತು. ಇದ್ದಾನೆ ಎಂದಿದ್ದರೆ ಕಾಯಬಹುದಿತ್ತು. ಪತ್ತೆಯಿಲ್ಲ ಎಂದರೆ ಅದೇನು ಮಾತು? ಮೊದಮೊದಲು ನಾಯಿ ಬೊಗಳಿದರೆ ಮನೆಯವರೆಲ್ಲ ಏಳುತ್ತಿದ್ದರು. ಈಗ ಮುನಿಆಂಜನಪ್ಪನ ಹೆಂಡತಿ ಆಂಜನಮ್ಮ ಮಾತ್ರ ಏಳುತ್ತಿದ್ದಳು. ಈ ಯುಗಾದಿಯ ಹೊತ್ತಿಗೆ ಅವನು ಒಂದು ದಿನ ಬಂಗಲೆಯಲ್ಲಿ ಹುಲ್ಲು ಕತ್ತರಿಸುತ್ತ, ಮಗ ಸತ್ತಿದ್ದಾನೆ ಎಂದು ಗೊತ್ತಾಗಿಬಿಟ್ಟರೆ ಸಾಕಪ್ಪ ಎಂದು ಅಂದುಕೊಂಡ. ಅಂದುಕೊಂಡ ಮೇಲೆ ಕತ್ತರಿ ಕೈಯಿಂದ ಜಾರಿತು. ಹೆತ್ತ ಮಗ ಸಾಯಲಿ ಎಂದು ಅಪ್ಪನೇ ಕೇಳಿಕೊಂಡ ಹಾಗಾಯಿತಲ್ಲ. ಅವತ್ತಿನಿಂದ ಹೆಂಡತಿಯ ಮುಖವನ್ನೂ ಅವನು ಸರಿಯಾಗಿ ನೋಡಿರಲಿಲ್ಲ.

ಅಣ್ಣನ ಮನೆಯಲ್ಲಿ ಮೊಮ್ಮಗುವಿಗೆ ಜ್ವರ ಬಿಡಲಿಲ್ಲ, ಗಬ್ಬದ ಹಸು ಕಂದು ಹಾಕಿತು. ಮೈಮೇಲೆ ದೇವರು ಬರುವ ಹೆಂಗಸನ್ನು ಕೇಳಿದರೆ, ನಿಮ್ಮ ಹೊಸಿಲಲ್ಲಿ ಒಬ್ಬ ಹಸಿದುಕೊಂಡು ನಿಂತಿದ್ದಾನೆ, ಒಳಕ್ಕೆ ಕರೆಯುವವರಿಲ್ಲ ಎಂದಳಂತೆ. ಮುನಿವೆಂಕಟಪ್ಪ ಬೇರೆ ಹೋಗಿ ಪಕ್ಕದ ಮನೆಯಲ್ಲಿದ್ದರೂ ಎಡೆಯ ವಿಷಯದಲ್ಲಿ ಅವನ ಮಾತೇ ಮಾತು. ಅವನು ಗದರಲಿಲ್ಲ. ಜಗುಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ, ನಿನ್ನ ಮಗ ನನಗೂ ಮಗನೇ ಕಣಪ್ಪ, ಹಸಿದುಕೊಂಡು ನಿಲ್ಲಿಸ್ತೀಯಾ ಎಂದು ಕೇಳಿದ. ಅದಕ್ಕೆ ಎದುರು ಮಾತಾಡಲು ಯಾರಿಂದ ಆಗುತ್ತದೆ? ಆಂಜನಮ್ಮ ಒಳಗಿನಿಂದ, ನಾನು ಸಾಯೋ ತನಕ ಅವನನ್ನು ಗೋಡೆಗೆ ಹಾಕಬೇಡಿ ಎಂದು ಒಂದೇ ಮಾತು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು. ಆದಿಲಕ್ಷ್ಮಿ ಒಲೆಯ ಮುಂದೆ ಇದ್ದವಳು ಅಲ್ಲಿಂದ ಏಳಲಿಲ್ಲ. ಗೋಡೆಯ ಮೇಲೆ ಅವ್ವ, ಅಪ್ಪ, ಅಪ್ಪನ ಪಕ್ಕದಲ್ಲಿ ಒಂದು ಬರಿಯ ಮೊಳೆ. ಸುಣ್ಣ ಬಳಿಸಿದ ವರ್ಷ ಮುನಿಆಂಜನಪ್ಪನೇ ಹೊಡೆದ ಮೊಳೆ ಅದು. ಇನ್ನು ನನ್ನ ಸರದಿ ಎಂದು ನಗುತ್ತ ಹೊಡೆದಿದ್ದ. ಬೈಲಪ್ಪ ಕೆಳಗೆ ನಿಂತು ಸುತ್ತಿಗೆ ಎತ್ತಿ ಕೊಟ್ಟಿದ್ದ.

ಅಪ್ಪನ ಹೆಸರನ್ನೇ ಮಗನಿಗೆ ಇಟ್ಟಿದ್ದು. ಅವನು ಚಿಕ್ಕವನಾಗಿದ್ದಾಗ ಒಂದು ಅಮಾವಾಸ್ಯೆಯಲ್ಲಿ, ಮುಂಬಾಗಿಲು ಮುಚ್ಚಿ ಮುನಿವೆಂಕಟಪ್ಪ ಎಡೆಯ ಮುಂದೆ ಧೂಪ ಹಿಡಿದು, ಬೈಲಪ್ಪಾ ಬಾ, ಬಂದು ಉಣ್ಣು ಎಂದು ಕರೆದಾಗ, ಹಿತ್ತಲಲ್ಲಿ ಆಡುತ್ತಿದ್ದ ಹುಡುಗ ಓ, ಬಂದೇ ಎಂದು ಕೂಗಿಕೊಂಡು ಓಡಿಬಂದಿದ್ದ. ಎಲ್ಲರೂ ನಕ್ಕರು. ಆಂಜನಮ್ಮ ಮಾತ್ರ ನಗದೆ ಅವನ ಬೆನ್ನಿಗೆ ಒಂದು ಬಿಟ್ಟು, ದೃಷ್ಟಿ ತೆಗೆದು, ಆಮೇಲೆ ತಾನೇ ಅತ್ತಿದ್ದಳು. ಅಪ್ಪನ ಎಡೆಗೆ ಬೀಡಿ ಇಡುತ್ತಿದ್ದರು, ಅವ್ವನ ಎಡೆಗೆ ಎಲೆ ಅಡಿಕೆ ಹೊಗೆಸೊಪ್ಪು. ಬೈಲಪ್ಪನಿಗೆ ಏನಿಡುವುದು? ಬಂಗಲೆಯಿಂದ ಬರುವಾಗ ಕಾಕ್ಸ್ ಟೌನಿನ ಬೇಕರಿಯ ಬನ್ನು ತಂದುಕೊಟ್ಟರೆ ಮೊದಲು ಮೇಲಿನ ಸಿಪ್ಪೆ ಸುಲಿದು ತಿನ್ನುತ್ತಿದ್ದ. ಬನ್ನು ಇಡಬೇಕು. ಹೀಗೆ ಯೋಚಿಸುತ್ತ ರಸೆಲ್ ಮಾರ್ಕೆಟ್ಟಿನ ಗಲಾಟೆಯ ಒಳಗೆ ಬಂದುಬಿಟ್ಟಿದ್ದ ಮುನಿಆಂಜನಪ್ಪ, ಬನ್ನು ಇಡಬೇಕು ಎಂದು ತಾನು ಆಗಲೇ ತೀರ್ಮಾನಿಸಿಬಿಟ್ಟಿದ್ದನ್ನು ಕಂಡು ದಾರಿಯ ಮಧ್ಯೆ ನಿಂತ. ಹಿಂದಿನಿಂದ ಜಟಕಾದವನು ತಮಿಳಿನಲ್ಲಿ ಬೈದ. ಬೈಸಿಕೊಂಡದ್ದು ಅವನಿಗೆ ಹಿತವಾಗಿಯೇ ಇತ್ತು.

ಪಟದ ಅಂಗಡಿ ಶಿವಾಜಿನಗರದ ಒಂದು ಗಲ್ಲಿಯಲ್ಲಿ, ಎರಡು ಟೈಲರ್ ಅಂಗಡಿಗಳ ಮಧ್ಯೆ ಸಿಕ್ಕಿಕೊಂಡಿತ್ತು. ಅಂಗಡಿಯ ವಾಜಿದ್ ಸಾಹೇಬರು ದಪ್ಪ ಆಳು, ಮಾತುಗಾರ. ಗೋಡೆಯ ತುಂಬ ದೇವರು, ದೊರೆ, ಮೆಕ್ಕಾ, ಮೇರಿಯಮ್ಮ, ಯಾರದೋ ಮದುವೆ, ಎಲ್ಲವೂ ಒಟ್ಟಿಗೆ ತೂಗುತ್ತಿದ್ದವು. ಫೋಟೋ ಬಿಚ್ಚುವ ಮೊದಲೇ ಅವರು ಒಂದು ಪ್ರಶ್ನೆ ಕೇಳಿದರು. ಅವರ ಪಾಲಿಗೆ ಅದು ಎಲ್ಲರನ್ನೂ ಕೇಳುವ ಪ್ರಶ್ನೆ.

"ಹಾರದ ಮೊಳೆ ಹೊಡೀಬೇಕಾ ಯಜಮಾನ್ರೇ, ಬೇಡ್ವಾ?"

ಮುನಿಆಂಜನಪ್ಪನಿಗೆ ಅರ್ಥವಾಗಲಿಲ್ಲ. ಸಾಹೇಬರು ಗೋಡೆಯ ಮೇಲಿನ ಒಬ್ಬ ಮುದುಕನ ಪಟ ತೋರಿಸಿದರು. ಮರದ ಮೇಲಂಚಿನ ಎರಡು ಮೂಲೆಗಳಲ್ಲಿ ಎರಡು ಹಿತ್ತಾಳೆಯ ಮೊಳೆಗಳು ತಲೆ ಎತ್ತಿಕೊಂಡಿದ್ದವು. ತೀರಿಕೊಂಡವರ ಪಟಕ್ಕೆ ಆ ಮೊಳೆ, ಹಾರ ಜಾರದ ಹಾಗೆ. ಬದುಕಿರುವವರದಕ್ಕೆ ಇಲ್ಲ. ಗೊತ್ತಿಲ್ಲದೆ ಬದುಕಿರುವವರದಕ್ಕೆ ಹೊಡೆದು ಒಂದು ಸಲ ಬೈಸಿಕೊಂಡಿದ್ದೀನಿ, ಅದಕ್ಕೇ ಮೊದಲೇ ಕೇಳಿಬಿಡುತ್ತೀನಿ ಎಂದು ಅವರು ನಕ್ಕರು. ಮುನಿಆಂಜನಪ್ಪ, ಮನೆಯಲ್ಲಿರುವ ಹಳೆಯ ಪಟದ್ದೇ ಅಳತೆ, ಮೊದಲು ಅದನ್ನು ನೋಡಿ ಸಾಬ್ರೇ ಎಂದು ದಾರ ತೆಗೆದುಕೊಟ್ಟ. ಪ್ರಶ್ನೆ ತಪ್ಪಿಸಿಕೊಳ್ಳಲು ದಾರವಾದರೂ ಉಪಯೋಗಕ್ಕೆ ಬಂತು.

ಸಾಹೇಬರು ದಾರವನ್ನು ಮೇಜಿನ ಮೇಲೆ ಎಳೆದು, ಗಂಟುಗಳನ್ನು ತಮ್ಮ ಅಡಿಕೋಲಿಗೆ ಹಿಡಿದು ನೋಡಿ, ಹುಬ್ಬು ಗಂಟಿಕ್ಕಿದರು. ಇದು ಮರದ ಹೊರಗಿನಿಂದ ಹೊರಕ್ಕೆ ಅಳೆದದ್ದೋ, ಒಳಗಿನ ಗಾಜನ್ನು ಅಳೆದದ್ದೋ ಎಂದು ಕೇಳಿದರು. ಹೊರಗಿನಿಂದಲೇ ಎಂದ ಮುನಿಆಂಜನಪ್ಪ, ಬಾಗಿಲು ಮಂಚ ಅಳೆದು ರೂಢಿಯಾದವನು. "ಹೊರಗಿಂದು ನಂಗೆ ಬ್ಯಾಡ. ಮರ ಒಂದೊಂದು ಒಂದೊಂದು ದಪ್ಪ ಇರ್ತದೆ. ಗಾಜು ಎಲ್ಲಿಂದ ಶುರುವಾಗ್ತದೋ ಅಲ್ಲಿಂದ ಅಳೀಬೇಕು, ಒಳಗಿಂದು," ಎಂದರು ಸಾಹೇಬರು. ಈ ಗಂಟಿಗೆ ಗಾಜು ಕತ್ತರಿಸಿ ಸುತ್ತ ಮರ ಹಾಕಿದರೆ ಈ ಪಟ ಹಳೆಯ ಪಟಕ್ಕಿಂತ ದೊಡ್ಡದಾಗುತ್ತದೆ ಎಂದರು. ಹಾಗಾದರೆ ಮಗ ಗೋಡೆಯ ಮೇಲೆ ತಾತನಿಗಿಂತ ದೊಡ್ಡವನಾಗಿ ಕೂರುತ್ತಾನೆ. ಮುನಿಆಂಜನಪ್ಪನಿಗೆ ಮೊದಲು ಬಂದದ್ದು ನಾಚಿಕೆ, ಒಂದು ಅಳತೆಯನ್ನೂ ನೆಟ್ಟಗೆ ತರಲಾಗದವನು ಎಂದು. ಆಮೇಲೆ ಎಲ್ಲಿಂದಲೋ ಒಂದು ಸಣ್ಣ ಸಂತೋಷ ಬಂತು. ಅಳತೆ ತಪ್ಪಿದೆ, ಇವತ್ತು ಆಗುವುದಿಲ್ಲ, ಮನೆಗೆ ಹೋಗಬಹುದು. ಆದರೆ ಸಾಹೇಬರು ಬಿಡುವ ಆಸಾಮಿಯಲ್ಲ. ಮರ ಎಷ್ಟು ದಪ್ಪ, ಬೆರಳಲ್ಲಿ ತೋರಿಸಿ, ನಾನು ಲೆಕ್ಕ ಹಾಕಿಕೊಳ್ಳುತ್ತೀನಿ ಎನ್ನುತ್ತ ಫೋಟೋಕ್ಕೆ ಕೈ ಚಾಚಿದರು.

ಫೋಟೋ ಪೋಸ್ಟ್ ಕಾರ್ಡಿನಷ್ಟು ದೊಡ್ಡದು, ಅದರ ಇನ್ನೊಂದು ಪ್ರತಿ ಆದಿಲಕ್ಷ್ಮಿಯ ಪೆಟ್ಟಿಗೆಯಲ್ಲಿತ್ತು. ಬೈಲಪ್ಪ ಸಿಪಾಯಿ ಉಡುಪಿನಲ್ಲಿ ನೆಟ್ಟಗೆ ನಿಂತಿದ್ದ. ಸಾಹೇಬರು ಒಂದು ದೊಡ್ಡ ಬಿಳಿಯ ರಟ್ಟನ್ನು ಮೇಜಿನ ಮೇಲೆ ಹಾಸಿ, ಫೋಟೋವನ್ನು ಅದರ ನಡುವೆ ಇಟ್ಟು, ಸುತ್ತ ನಾಲ್ಕು ಮರದ ತುಂಡು ಜೋಡಿಸಿ ತೋರಿಸಿದರು. ನಿಮ್ಮ ದೊಡ್ಡ ಅಳತೆಯಲ್ಲಿ ಹೀಗೆ ಕಾಣುತ್ತದೆ, ಸುತ್ತ ಬಿಳಿ ಜಾಸ್ತಿಯಾಯಿತು ಎಂದರೆ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಮುಖಕ್ಕೆ ಬಣ್ಣ ಹಾಕಿಕೊಡುತ್ತಾರೆ, ಆದರೆ ನಿಮ್ಮ ಕಡೆಯವರ ಅಮಾವಾಸ್ಯೆ ಒಳಗೆ ಸಿಗುವುದಿಲ್ಲ ಎಂದರು. ಮುನಿಆಂಜನಪ್ಪ ನೋಡಿದ. ಅಷ್ಟು ಬಿಳುಪಿನ ನಡುವೆ ಬೈಲಪ್ಪ ಹೆಬ್ಬೆರಳಿನಷ್ಟು ಕಾಣುತ್ತಿದ್ದ. ಮೇಲೆ ಬಿಳಿ, ಕೆಳಗೆ ಬಿಳಿ, ಯಾವ ಕಡೆಯಲ್ಲೂ ದಡವಿಲ್ಲ. ಸಮುದ್ರವನ್ನು ಕಾಣದ ಮುನಿಆಂಜನಪ್ಪನಿಗೆ ಸಮುದ್ರ ಹೀಗೇ ಇರಬೇಕು ಎನ್ನಿಸಿತು.

ಸಾಹೇಬರು ಹೆಬ್ಬೆರಳನ್ನು ನಾಲಗೆಗೆ ಮುಟ್ಟಿಸಿ ಫೋಟೋದ ಎಡ ಅಂಚನ್ನು ಉಜ್ಜಲು ಹೋದರು. ಏನೋ ಕಲೆ ಇದೆ ಎಂದರು. ಅವನು ಥಟ್ಟನೆ ಅವರ ಕೈ ಹಿಡಿದ. ಅದು ಕಲೆಯಲ್ಲ, ನನ್ನ ಕೈ ಎಂದ.

ಯುದ್ಧ ಶುರುವಾದ ಮೇಲೆ ಒಂದು ದಿನ ಬಂಗಲೆಯ ಈಗಿನ ಮೇಜರ್ ದೊರೆ ಗುಲಾಬಿಯ ಹತ್ತಿರ ನಿಂತು, ಮಾಲಿ, ನಿನ್ನ ಹುಡುಗ ಗಟ್ಟಿಯಿದ್ದಾನೆ, ಸೈನ್ಯಕ್ಕೆ ಕಳಿಸು ಎಂದಿದ್ದ. ಹಾಗೆಂದು ಬಲವಂತ ಮಾಡಲಿಲ್ಲ, ಹೇಳಿ ಮರೆತೂ ಇರಬಹುದು. ಮುನಿಆಂಜನಪ್ಪನೇ ಕೈಯಲ್ಲಿ ಗೊಬ್ಬರ ಹಿಡಿದುಕೊಂಡು ಎಸ್ ಮಾಸ್ಟರ್, ಎಸ್ ಮಾಸ್ಟರ್ ಎಂದು ಎರಡು ಸಲ ಬಗ್ಗಿದ. ಇಲ್ಲ ಎಂಬ ಮಾತು ಆ ತೋಟದಲ್ಲಿ ಅವನ ಬಾಯಿಂದ ಯಾವತ್ತೂ ಹೊರಟಿರಲಿಲ್ಲ, ಅವನ ಅಪ್ಪನ ಬಾಯಿಂದಲೂ ಹೊರಟಿರಲಿಲ್ಲ. ಬೈಲಪ್ಪನಿಗೆ ವಿಮಾನದ ಕಾರ್ಖಾನೆಗೆ ಸೇರುವ ಆಸೆಯಿತ್ತು. ಅವರ ಹೊಲ ಹೋದದ್ದು ಆ ಕಾರ್ಖಾನೆಗೇ, ಹೊಲ ಹೋದರೂ ಆ ಮಣ್ಣಿನ ಮೇಲೆ ನಿಂತು ಕೆಲಸ ಮಾಡುತ್ತೀನಿ ಎನ್ನುತ್ತಿದ್ದ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ದೊರೆ ಬಾಯಿಬಿಟ್ಟು ಕೇಳಿದ್ದಾರೆ ಎಂದು ಮುನಿಆಂಜನಪ್ಪ ಹೇಳಿದಾಗ ಬೈಲಪ್ಪ ತಟ್ಟೆಯಿಂದ ತಲೆಯೆತ್ತದೆ, "ನೀನು ಹೋಗು ಅಂದ್ರೆ ಹೋಗ್ತೀನಪ್ಪ" ಎಂದ. ಜಗಳವಾಡಿದ್ದರೆ ಎಷ್ಟು ಚೆನ್ನಾಗಿತ್ತು. ಸ್ಟುಡಿಯೋದಲ್ಲಿ ಫೋಟೋದವನು ಹುಡುಗ ಒಂದು ಕಡೆಗೆ ವಾಲುತ್ತಿದ್ದಾನೆ, ನೆಟ್ಟಗೆ ನಿಲ್ಲಿಸು ಎಂದ. ಮುನಿಆಂಜನಪ್ಪ ಹೋಗಿ ಭುಜಕ್ಕೆ ಕೈಕೊಟ್ಟು ನೂಕಿ ನಿಲ್ಲಿಸಿದ. ಕೈ ಹಿಂದಕ್ಕೆ ಎಳೆದುಕೊಳ್ಳುವುದು ಒಂದು ಗಳಿಗೆ ತಡವಾಯಿತು. ಆ ಗಳಿಗೆಯೇ ಮಂಜು ಮಂಜಾಗಿ ಮೂರು ಬೆರಳಾಗಿ ಅಂಚಿನಲ್ಲಿ ಉಳಿದುಕೊಂಡಿತು. ಆ ಕೈ ಮಗನನ್ನು ಹಿಡಿದುಕೊಂಡಿದೆ ಎಂದು ಆಂಜನಮ್ಮ ಹೇಳುತ್ತಿದ್ದಳು. ನೂಕುತ್ತಿದೆ ಎಂದು ಅವನೊಬ್ಬನಿಗೇ ಗೊತ್ತಿತ್ತು.

ಆ ಬೆರಳುಗಳನ್ನು ರಟ್ಟಿನ ಕೆಳಗೆ ಮುಚ್ಚಿಬಿಡಬಹುದು, ಯೋಚನೆ ಬೇಡ ಎಂದು ಸಾಹೇಬರು ಧೈರ್ಯ ಹೇಳಿದರು. ಬದುಕಿರುವವರ ಕೈ ಇದ್ದರೆ ಹಾರ ಹಾಕುವ ಹಾಗಿಲ್ಲ ಎಂದು ನಿಮ್ಮ ಕಡೆಯವರೇ ಎಷ್ಟೋ ಸಲ ಕತ್ತರಿಸಿಕೊಂಡು ಹೋಗಿದ್ದಾರೆ ಎಂದರು. ಮುಚ್ಚಿಬಿಡಬಹುದು ಎಂದ ಕೂಡಲೇ ಮುನಿಆಂಜನಪ್ಪನ ಎದೆ ಹಗುರವಾಯಿತು. ಹಗುರವಾದದ್ದಕ್ಕೆ ಮರುಗಳಿಗೆಯೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಮಗನನ್ನು ಗೋಡೆಗೆ ಹತ್ತಿಸಿ, ತನ್ನ ಕೈಯನ್ನು ರಟ್ಟಿನ ಕೆಳಗೆ ಮುಚ್ಚಿಟ್ಟು, ಮುಂದೆ ಕೂತು ಉಣ್ಣುವುದೆ? ಬಂಗಲೆಯಲ್ಲಿ ಪಿಯಾನೋದ ಮೇಲೆ ದೊರೆಸಾನಿಯ ತಮ್ಮನ ಫೋಟೋ ಇತ್ತು, ಯಾವುದೋ ಯುದ್ಧದಲ್ಲಿ ಹೋದವನು. ಹಿಂದೆ ಒಂದು ಕಾಲು ಕೊಟ್ಟು ನಿಲ್ಲಿಸಿದ ಅಂಗೈಯಗಲದ ಪಟ. ಆ ಮನೆಯಲ್ಲಿ ಸತ್ತ ನಾಯಿಗೂ ಬದುಕಿರುವ ಅತ್ತೆಗೂ ಒಂದೇ ಮೇಜು, ಹಾರವೂ ಇಲ್ಲ, ಎಡೆಯೂ ಇಲ್ಲ. ಅದನ್ನು ನೋಡಿ ಇವನು ಒಳಗೊಳಗೇ ನಗುತ್ತಿದ್ದ. ಈಗ ಅದೇ ದೊಡ್ಡ ಉಪಾಯವಾಗಿ ಕಂಡಿತು. ಸಣ್ಣ ಪಟ ಮಾಡಿಸುವುದು. ಗೋಡೆಗಲ್ಲ, ದೀಪದ ಗೂಡಿನ ಪಕ್ಕಕ್ಕೆ. ಪಟ ಮಾಡಿಸಿದೆ ಎಂದು ಅಣ್ಣನಿಗೆ ಹೇಳಬಹುದು, ಗೋಡೆಗೆ ಹಾಕಲಿಲ್ಲ ಎಂದು ಆಂಜನಮ್ಮನಿಗೆ ಹೇಳಬಹುದು, ಆದಿಲಕ್ಷ್ಮಿಯ ಕೈಯ ಬಳೆ ಕೈಯಲ್ಲೇ ಇರುತ್ತದೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

"ಫೋಟೋ ಎಷ್ಟಿದೆಯೋ ಅಷ್ಟೇ ಪಟ ಮಾಡಿಕೊಡಿ ಸಾಬ್ರೇ," ಎಂದ. "ಹಿಂದೆ ನಿಲ್ಲೋಕೊಂದು ಕಾಲು ಕೊಡಿ. ಆ ಕೈ ಇರ್ಲಿ. ಹಾರದ ಮೊಳೆ ಬ್ಯಾಡ."

ಸಾಹೇಬರು ದೊಡ್ಡ ರಟ್ಟನ್ನು ತೆಗೆದು ಪಕ್ಕಕ್ಕಿಟ್ಟರು. ಮರ ಅಂಚನ್ನು ಸ್ವಲ್ಪ ನುಂಗುತ್ತದೆ, ಆದಷ್ಟೂ ಈಚೆಗೆ ಸರಿಸಿ ಕೂರಿಸುತ್ತೀನಿ ಎಂದು ಹೇಳಿ ಗಾಜು ಕೊಯ್ಯತೊಡಗಿದರು. ವಜ್ರದ ಮೊನೆ ಗಾಜಿನ ಮೇಲೆ ಹೋಗುವ ಸದ್ದಿಗೆ ಅವನ ಹಲ್ಲು ಜುಮ್ಮೆಂದಿತು. ಪಟ ಕೈಗೆ ಬಂದಾಗ ಮೂರು ಬೆರಳಿನಲ್ಲಿ ಎರಡು ಉಳಿದಿದ್ದವು. ಮುನಿಆಂಜನಪ್ಪ ಅದನ್ನು ಎದೆಗೆ ಒತ್ತಿಕೊಂಡು ಬಂದ ದಾರಿಯಲ್ಲೇ ಹೊರಟ. ಕೆರೆಯ ಏರಿಯ ಮೇಲೆ ನಿಂತು ಎರಡು ಗಂಟಿನ ದಾರವನ್ನು ತೆಗೆದು ನೀರಿಗೆ ಬಿಟ್ಟ. ಅದು ಮುಳುಗಲೂ ಇಲ್ಲ, ದೂರ ಹೋಗಲೂ ಇಲ್ಲ, ದಡದ ಪಾಚಿಗೆ ಅಂಟಿಕೊಂಡು ನಿಂತಿತು. ಅವನು ಅದನ್ನು ನೋಡದವನಂತೆ ನಡೆದ.

ಮನೆ ಹತ್ತಿರವಾದಂತೆ ಅವನಿಗೆ ಏನೋ ಒಂದು ಹೆಮ್ಮೆ ಬರತೊಡಗಿತು. ಹೋದ ತಿಂಗಳು ಆದಿಲಕ್ಷ್ಮಿಯ ಅಣ್ಣ ಪಿಳ್ಳಪ್ಪ ಕೃಷ್ಣರಾಜಪುರದಿಂದ ಬಂದಿದ್ದ. ಒಂದು ಗಂಟೆ ಮಳೆ ಬೆಳೆ ಮಾತಾಡಿ, ಆಮೇಲೆ ಮೆಲ್ಲಗೆ, ಇನ್ನೂ ಚಿಕ್ಕ ಪ್ರಾಯದವಳು, ನೀವು ಒಂದು ಮಾತು ತೀರ್ಮಾನ ಮಾಡಿದರೆ ಕರೆದುಕೊಂಡು ಹೋಗಿ ಎಲ್ಲಾದರೂ ಕೂಡಿಕೆ ಮಾಡಿಸುತ್ತೀವಿ, ನಮ್ಮಲ್ಲಿ ಇರುವುದೇ ಅಲ್ಲವೇ ಎಂದ. ಕೂಡಿಕೆ ಎಂದರೆ ಗಂಡ ಸತ್ತವಳಿಗೆ ಮಾಡುವ ಮರುಮದುವೆ! ಮುನಿಆಂಜನಪ್ಪ ಜೀವಮಾನದಲ್ಲೇ ಮೊದಲ ಸಲ ಮನೆಗೆ ಬಂದ ಬೀಗನ ಮುಂದೆ ದನಿ ಏರಿಸಿ, ನನ್ನ ಮಗ ಬರ್ತಾನೆ, ನನ್ನ ಸೊಸೆ ಎಲ್ಲಿಗೂ ಬರಲ್ಲ ಎಂದಿದ್ದ. ದೊರೆಯ ಮುಂದೆ ಬರದ ಇಲ್ಲ ಎಂಬ ಮಾತು ಪಾಪದ ಪಿಳ್ಳಪ್ಪನ ಮುಂದೆ ಸಲೀಸಾಗಿ ಬಂತು. ಬಾಗಿಲ ಹಿಂದೆ ಬಳೆಯ ಸದ್ದಾಗಿ ನಿಂತದ್ದು ಕೇಳಿಸಿತ್ತು. ಕೇಳಿಸಿಕೊಳ್ಳಲಿ, ಮಾವ ತನ್ನ ಪರ ನಿಂತಿದ್ದಾನೆ ಎಂದು ತಿಳಿಯಲಿ ಎಂದು ಅವನು ಇನ್ನಷ್ಟು ಗಟ್ಟಿಯಾಗಿಯೇ ಮಾತಾಡಿದ್ದ. ಇವತ್ತು ಈ ಸಣ್ಣ ಪಟ ನೋಡಿದರೆ ಅವಳಿಗೆ ಅದು ಮತ್ತೆ ತಿಳಿಯುತ್ತದೆ. ಮಗನಿಗೆ ಮಾಡಿದ್ದಕ್ಕೆ ಸೊಸೆಗಾದರೂ ಇಷ್ಟು ಮಾಡಿದೆನಲ್ಲ.

ಆದಿಲಕ್ಷ್ಮಿ ನಡುಮನೆಯಲ್ಲಿ ಮೊರ ಇಟ್ಟುಕೊಂಡು ಎಡೆಯ ಅಕ್ಕಿ ಆರಿಸುತ್ತಿದ್ದಳು. ಅವನು ಪಟಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ ಅದನ್ನು ಅವಳ ಕೈಗೇ ಮೊದಲು ಕೊಟ್ಟ. ಅವಳು ಸೆರಗಿನಿಂದ ಗಾಜು ಒರೆಸಿ ನೋಡಿದಳು. ಆಮೇಲೆ ತಿರುಗಿಸಿ ಹಿಂದಿನ ಕಾಲನ್ನು ನೋಡಿದಳು, ಹಾರದ ಮೊಳೆಯಿಲ್ಲದ ಮೇಲಂಚನ್ನು ಬೆರಳಲ್ಲಿ ಸವರಿದಳು.

"ಇದು ಸಾಲಿನ ಪಟ ಅಲ್ವಲ್ಲ ಮಾವ."

ಅಲ್ಲ ಅಮ್ಮಣ್ಣಿ ಎಂದು ಅವನು ಉತ್ಸಾಹದಿಂದ ಶುರುಮಾಡಿದ. ಗೋಡೆಗೆ ಹಾಕುವುದಿಲ್ಲ, ಗೂಡಿನ ಹತ್ತಿರ ಇಡೋಣ, ನಮ್ಮಣ್ಣನಿಗೆ ನಾನು ಹೇಳಿಕೊಳ್ಳುತ್ತೀನಿ, ನಾನು ಬದುಕಿರುವ ತನಕ ನಿನ್ನ ಬಳೆ ಮುಟ್ಟಲು ಯಾರಿಗೂ ಬಿಡುವುದಿಲ್ಲ ಎಂದೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನು ಹೇಳಿದ. ಅವಳು ಪಟವನ್ನು ಅಕ್ಕಿಯ ಪಕ್ಕದಲ್ಲಿ ಅಂಗಾತ ಮಲಗಿಸಿದಳು. ಅಳಲಿಲ್ಲ. ಅವಳ ದನಿಯೂ ಏರಲಿಲ್ಲ.

"ಬೆಳಿಗ್ಗೆ ಗಂಟು ಬಿಚ್ಚಿಹೋಗ್ಬಾರ್ದು ಅಂತ ಹಲ್ಲಲ್ಲಿ ಕಚ್ಚಿ ಬಿಗಿದಿದ್ದೆ ಮಾವ," ಎಂದಳು. "ಅವರು ಬರಲ್ಲ. ನಿಮಗೂ ಗೊತ್ತು, ಅತ್ತೆಗೂ ಗೊತ್ತು. ಬರ್ತಾನೆ ಅಂತ ಹೇಳಿ ನಮ್ಮಣ್ಣನ್ನ ಕಳಿಸಿಬಿಟ್ರಿ. ಅವತ್ತು ಬಾಗಿಲ ಹಿಂದೆ ನಿಂತು ನಾನೊಬ್ಬಳೇ ಅತ್ಕೊಂಡೆ. ಗಂಡನಿಗೋಸ್ಕರ ಅಳೋಕೂ ಇಲ್ಲ, ಬಿಟ್ಟು ಹೋಗೋಕೂ ಇಲ್ಲ. ಈ ಮನೇಲಿ ಸತ್ತೋರಿಗೆ ಗೋಡೇಲಿ ಜಾಗ ಐತೆ, ಇರೋರಿಗೆ ನೆಲದ ಮೇಲೆ ಐತೆ. ನಂಗೆಲ್ಲೈತೆ ಮಾವ?"

ಮಗನ ಭುಜದ ಮೇಲಿದ್ದ ಕೈ ಈಗ ಇವಳ ಭುಜದ ಮೇಲೂ ಇದೆ ಎಂದು ಮುನಿಆಂಜನಪ್ಪನಿಗೆ ಕಂಡಿತು. ಮಗನನ್ನು ಹಿಡಿದುಕೊಳ್ಳಬೇಕಾದಾಗ ನೂಕಿದ್ದ, ಇವಳನ್ನು ಬಿಡಬೇಕಾದಾಗ ಹಿಡಿದುಕೊಂಡಿದ್ದ. ಎರಡನ್ನೂ ಪ್ರೀತಿ ಎಂದೇ ತಿಳಿದಿದ್ದ. ಅಷ್ಟರಲ್ಲಿ ಆಂಜನಮ್ಮ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದು, ಸೊಸೆಯ ಪಕ್ಕದಲ್ಲಿ ಕುಕ್ಕರಿಸಿ, ಅಕ್ಕಿಯ ಹತ್ತಿರ ಮಲಗಿದ್ದ ಪಟವನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. ಅವಳು ಗಂಡನ ಕಡೆ ನೋಡಲಿಲ್ಲ. ಆದಿಲಕ್ಷ್ಮಿಯ ತಲೆಯ ಮೇಲೆ ಒಂದು ಸಲ ಕೈಯಾಡಿಸಿ, ಇದು ನನಗಿರಲಿ, ನೀವು ಗೋಡೆಯ ಪಟದ ಕೆಲಸ ಮುಗಿಸಿ ಎಂದು ಹೇಳಿ ಎದ್ದು ಹೋದಳು.

ದಾರ ಎಲ್ಲಿ ಎಂದು ಆದಿಲಕ್ಷ್ಮಿ ಕೇಳಿದಳು. ಕೆರೆಗೆ ಹಾಕಿದೆ ಎಂದ. ಅವಳು ಎದ್ದು, ಬಟ್ಟೆ ಹಾಕುವ ಗಳುವಿನ ಮೇಲಿದ್ದ ಹಳೆಯ ಸೀರೆಯ ಅಂಚಿನಿಂದ ಒಂದು ಉದ್ದನೆಯ ಎಳೆ ಎಳೆದುಕೊಂಡು, ಅದನ್ನು ಎರಡು ಮಡಿಕೆ ಹೊಸೆದಳು. ಮೂಲೆಯಲ್ಲಿದ್ದ ಸ್ಟೂಲನ್ನು ತಾತನ ಪಟದ ಕೆಳಕ್ಕೆ ತಂದು ಹತ್ತಿ ನಿಂತಳು. ಬರಿಯ ಮೊಳೆ ಅವಳ ಕಿವಿಯ ಹತ್ತಿರವೇ ಇತ್ತು.

"ಒಂದು ಕೊನೆ ಹಿಡ್ಕೊಳ್ಳಿ ಮಾವ."

ಅವನು ಹೋಗಿ ಹಿಡಿದುಕೊಂಡ. ಅವಳು ಬೆಳಿಗ್ಗೆಯಂತೆಯೇ ಕಪ್ಪು ಮರದ ಹೊರ ಅಂಚಿಗೆ ದಾರದ ಕೊನೆಯನ್ನು ಒತ್ತಿ ಹಿಡಿದಳು. ತಾನು ಸುಮ್ಮನಿದ್ದರೆ ಈ ಸಲವೂ ಅಳತೆ ತಪ್ಪುತ್ತದೆ, ಅಮಾವಾಸ್ಯೆ ದಾಟಿಹೋಗುತ್ತದೆ. ಮುನಿಆಂಜನಪ್ಪ ತಲೆಯೆತ್ತಿ, ಬೆಳಿಗ್ಗೆ ನೋಡಲಾಗದಿದ್ದ ಅವಳ ಮುಖವನ್ನು ನೋಡಿದ.

"ಹೊರಗಿಂದ ಅಲ್ಲ ಅಮ್ಮಣ್ಣಿ," ಎಂದ. "ಒಳಗಿಂದ ತಗೋಬೇಕಂತೆ. ಗಾಜು ಎಲ್ಲಿಂದ ಶುರುವಾಗ್ತದೋ ಅಲ್ಲಿಂದ."

ಆದಿಲಕ್ಷ್ಮಿ ಬೆರಳನ್ನು ಮರದ ಮೇಲಿಂದ ಗಾಜಿನ ಅಂಚಿಗೆ ಸರಿಸಿ, ದಾರ ಎಳೆದು, ಗಂಟು ಹಾಕಿದಳು.